ಟೊಮೆಟೊ ತುಂಬಿಡುವ ಗಾಜಿನ ಬಾಟಲಿ: ಬಳ್ಳಾರಿಯ ಬೇಸಿಗೆ ದಾಟಿಸಿ ನೋಡಿದ ಮೇಲೆ

ಅರ್ಧ ಲೀಟರ್ ಹಿಡಿಯುವ, ದಪ್ಪ ಗಾಜಿನ, ತಗಡಿನ ತಿರುಗು ಮುಚ್ಚಳದ ಬಾಟಲಿಗಳು ಹನ್ನೆರಡರ ಪೆಟ್ಟಿಗೆಯಲ್ಲಿ ಈಗ ಆನ್‌ಲೈನ್‌ನಲ್ಲೂ ದೊಡ್ಡ ಊರಿನ ಪಾತ್ರೆ ಅಂಗಡಿಗಳಲ್ಲೂ ಸಿಗುತ್ತಿವೆ. ಜಾಮ್, ಉಪ್ಪಿನಕಾಯಿ, ಟೊಮೆಟೊ ಪ್ಯೂರಿ ಎಲ್ಲಕ್ಕೂ ಆಗುತ್ತದೆಂದು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿ, ಒಳಗೆ ಒಂದು ಸೂಚನಾ ಹಾಳೆಯನ್ನೂ ಮಡಿಸಿ ಇಟ್ಟಿರುತ್ತಾರೆ. ಬಳ್ಳಾರಿಯ ನಮ್ಮ ಮನೆಯಲ್ಲಿ ಪ್ರತಿ ವರ್ಷ ಸಂಕ್ರಾಂತಿ ಮುಗಿದು ಶಿವರಾತ್ರಿ ಬರುವುದರೊಳಗೆ ವರ್ಷದ ಟೊಮೆಟೊ ತುಂಬಿಡುವ ಪದ್ಧತಿಯಿದೆ. ಹಾಗಾಗಿ ಈ ಬಾಟಲಿಗಳನ್ನು ಕೊಂಡು, ತುಂಬಿ, ಕುದಿಸಿ, ಏಪ್ರಿಲ್ ಮೇ ತಿಂಗಳ ಬಿಸಿಲು ದಾಟಿಸಿ, ಆಷಾಢ ಶ್ರಾವಣದಲ್ಲಿ ಒಂದೊಂದಾಗಿ ತೆರೆದು ನೋಡಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಮೊದಲೇ ತೀರ್ಪು ಹೇಳಿಬಿಡುವುದಾದರೆ, ಬಾಟಲಿಯಲ್ಲಿ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಮುಚ್ಚಳವನ್ನು ಒಂದು ವರ್ಷದ ಮಟ್ಟಿಗೆ ನಂಬಬಹುದು. ಸೂಚನಾ ಹಾಳೆಯನ್ನು ಮಾತ್ರ ಒಲೆಗೆ ಹಾಕುವುದೇ ವಾಸಿ. ಅದು ನಮ್ಮ ಹವೆಯನ್ನೂ ನಮ್ಮ ಊರುಗಳ ಎತ್ತರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ ಬರೆದ ಹಾಳೆ.

ತುಂಬಿಡುವ ಲೆಕ್ಕಾಚಾರ ಶುರುವಾಗುವುದೇ ಬೆಲೆಯಿಂದ. ಚಳಿಗಾಲದ ಬೆಳೆ ಒಮ್ಮೆಲೇ ಮಾರುಕಟ್ಟೆಗೆ ಬಂದಾಗ ಸಾಗಣೆಯ ಬಾಡಿಗೆಯೂ ಹುಟ್ಟುವುದಿಲ್ಲವೆಂದು ರೈತರು ಹಣ್ಣನ್ನು ರಸ್ತೆಬದಿಗೆ ಸುರಿದು ಹೋದ ವರ್ಷಗಳಿವೆ. ಅದೇ ಟೊಮೆಟೊ 2023ರ ಜುಲೈನಲ್ಲಿ ಕಿಲೋಗೆ 100 ರೂಪಾಯಿ ದಾಟಿ, ಸಾರಿಗೆ ಅರ್ಧ ಹಣ್ಣು ಹಾಕಿ ಉಳಿದದ್ದಕ್ಕೆ ಹುಣಸೆಹುಳಿ ಹಿಂಡುವ ಪರಿಸ್ಥಿತಿ ಬಂದದ್ದನ್ನು ಯಾರೂ ಮರೆತಿಲ್ಲ. ಹಗಲಿನ ಬಿಸಿ 35 ಡಿಗ್ರಿ ಮೀರತೊಡಗಿದರೆ ಟೊಮೆಟೊ ಗಿಡದ ಹೂವು ಉದುರಿ ಕಾಯಿ ಕಟ್ಟುವುದು ಕಡಿಮೆಯಾಗುತ್ತದೆ. ಅದರ ಹಿಂದೆಯೇ ಮುಂಗಾರು ಬಂದು ಉಳಿದ ಬೆಳೆಗೆ ರೋಗ ತಗುಲಿಸುತ್ತದೆ. ಆದ್ದರಿಂದ ಜೂನ್ ಜುಲೈನಲ್ಲಿ ಬೆಲೆ ಏರುವುದು ಆಕಸ್ಮಿಕವಲ್ಲ, ಹೆಚ್ಚುಕಡಿಮೆ ಪ್ರತಿ ವರ್ಷದ ಪಾಡು. ಮಾಘ ಮಾಸದಲ್ಲಿ ಕೊಂಡು ಆಷಾಢಕ್ಕೆ ಉಳಿಸಿಕೊಳ್ಳುವುದು ಹಾಗಾಗಿ ಹವ್ಯಾಸದ ಮಾತಲ್ಲ, ಸಂಸಾರದ ಲೆಕ್ಕ.

ನಮ್ಮ ಸೀಮೆಗೆ ಟೊಮೆಟೊ ಉಳಿಸುವುದು ಹೊಸದೇನೂ ಅಲ್ಲ. ಹಣ್ಣನ್ನು ಹೋಳು ಮಾಡಿ ಉಪ್ಪು ಸವರಿ ಮಾಳಿಗೆಯ ಮೇಲೆ ಒಣಗಿಸಿ, ಹುಣಸೆಹಣ್ಣು ಖಾರದಪುಡಿ ಬೆರೆಸಿ ಎಣ್ಣೆ ಒಗ್ಗರಣೆ ಕೊಟ್ಟು ವರ್ಷಗಟ್ಟಲೆ ಇಡುವ ಪಚ್ಚಡಿಯನ್ನು ನಮ್ಮ ಅತ್ತೆಯವರು ಇಂದಿಗೂ ಮಾಡುತ್ತಾರೆ; ರೊಟ್ಟಿಗೂ ಬಿಸಿ ಅನ್ನಕ್ಕೂ ಅದಕ್ಕೆ ಸರಿಸಾಟಿ ಇಲ್ಲ. ಆದರೆ ಪಚ್ಚಡಿಯಿಂದ ಸಾರು ಆಗುವುದಿಲ್ಲ, ಬೇಳೆಯ ಪಪ್ಪು ಆಗುವುದಿಲ್ಲ. ಫ್ರೀಜರಿನಲ್ಲಿ ಇಡಬಹುದೆಂದು ಹೇಳುವವರು ಮೇ ತಿಂಗಳ ಮಧ್ಯಾಹ್ನ ಹೋಗುವ ಕರೆಂಟಿನ ವಿಚಾರವನ್ನೂ, ಮನೆಯ ಫ್ರೀಜರಿನ ಅಗಲವನ್ನೂ ಮರೆತಿರುತ್ತಾರೆ. ಧಾರವಾಡದಲ್ಲಿ ಗೃಹ ವಿಜ್ಞಾನ ಓದಿ ಈ ಮನೆಗೆ ಸೊಸೆಯಾಗಿ ಬಂದ ನನ್ನ ನೆಗೆಣ್ಣಿ ಬಾಟಲಿಗೆ ತುಂಬಿ ಕುದಿಸುವ ಕ್ರಮವನ್ನು ಹೇಳಿಕೊಟ್ಟಳು. ಇಟಲಿಯ ದಕ್ಷಿಣ ಭಾಗದಲ್ಲಿ ಆಗಸ್ಟ್ ತಿಂಗಳಲ್ಲಿ ಮನೆಮಂದಿಯೆಲ್ಲ ಸೇರಿ ವರ್ಷದ ಟೊಮೆಟೊ ರಸವನ್ನು ಹೀಗೆಯೇ ತುಂಬಿಡುತ್ತಾರೆ. ಅಲ್ಲಿಯ ಹಣ್ಣಿನ ಕಾಲ ಅದು, ನಮ್ಮದು ಇದು. ಮೊದಮೊದಲು ಹಾರ್ಲಿಕ್ಸ್ ಬಾಟಲಿ, ಉಪ್ಪಿನಕಾಯಿ ಬಾಟಲಿ ಹೀಗೆ ಕೈಗೆ ಸಿಕ್ಕದ್ದಕ್ಕೆಲ್ಲ ತುಂಬುತ್ತಿದ್ದ ನಾವು ಈಗ ಒಂದೇ ಅಳತೆಯ ಬಾಟಲಿಗಳಿಗೆ ಬದಲಾದೆವು. ಈ ಬದಲಾವಣೆ ದುಡ್ಡಿಗೆ ತಕ್ಕದ್ದೇ ಎಂಬುದು ಇಲ್ಲಿಯ ಪ್ರಶ್ನೆ.

ಮೊದಲು ಗಾಜು. ಈ ಬಾಟಲಿಯ ತಳ ದಪ್ಪ, ಹೆಗಲು ದುಂಡು, ಬಾಯಿ 63 ಮಿಲಿಮೀಟರಿನ ಮುಚ್ಚಳ ಕೂರುವಷ್ಟು ಅಗಲ. ಸಾಧಾರಣ ಗಾತ್ರದ ಕೈ ಒಳಗೆ ಹೋಗುವುದಿಲ್ಲವಾದರೂ ಬಾಟಲಿ ತೊಳೆಯುವ ಬ್ರಷ್ ಮತ್ತು ಸಾರಿನ ಸೌಟಿನ ಮೂತಿ ಸಲೀಸಾಗಿ ಹೋಗುತ್ತವೆ. 53 ಮಿಲಿಮೀಟರಿನ ಬಾಯಿಯದೂ ಬರುತ್ತದೆ, ಅದಕ್ಕೆ ತುಂಬುವಾಗ ಲಾಳಿಕೆ ಬೇಕೇ ಬೇಕು. ಪೆಟ್ಟಿಗೆ ತೆರೆದ ತಕ್ಷಣ ನೋಡಬೇಕಾದದ್ದು ಬಾಯಿಯ ಅಂಚು. ಉಗುರಿನಿಂದ ಅಂಚಿನ ಸುತ್ತ ಒಮ್ಮೆ ಸವರಿದರೆ ಎಲ್ಲಿಯಾದರೂ ಸಣ್ಣ ಚಕ್ಕೆ ಎದ್ದಿದ್ದರೆ, ಅಥವಾ ಅಚ್ಚಿನ ಎರಡು ಭಾಗ ಕೂಡಿದ ಕಡೆ ಗೆರೆ ಉಬ್ಬಿದ್ದರೆ, ತಟ್ಟನೆ ಗೊತ್ತಾಗುತ್ತದೆ. ಬಾಟಲಿಯನ್ನು ಬೋರಲಾಗಿ ಸಮತಟ್ಟಾದ ಕಲ್ಲಿನ ಮೇಲಿಟ್ಟು ಅಲುಗಿಸಿದರೆ ತೂಗಾಡಬಾರದು. ನಮಗೆ ಬಂದ ಪೆಟ್ಟಿಗೆಗಳಲ್ಲಿ ಹೆಚ್ಚಿನವು ಈ ಪರೀಕ್ಷೆಯಲ್ಲಿ ಗೆದ್ದವು; ಅಂಚು ಒರಟಾಗಿದ್ದ ಒಂದೆರಡನ್ನು ಸಕ್ಕರೆ, ಸಾಸಿವೆ ತುಂಬಿಡಲು ಬಳಸಿಕೊಂಡೆವು. ಗಾಜಿನೊಳಗೆ ಅಲ್ಲಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆಗಳಿದ್ದವು. ಅವು ನೋಟಕ್ಕೆ ಕೊರತೆ ಹೌದು, ಕೆಲಸಕ್ಕೆ ತೊಂದರೆ ಕೊಟ್ಟಿಲ್ಲ.

ಗಾಜು ಒಡೆಯುವುದು ಬಿಸಿಯಿಂದಲ್ಲ, ಬಿಸಿ ತಣ್ಣಗಿನ ನಡುವಿನ ಹಠಾತ್ ವ್ಯತ್ಯಾಸದಿಂದ. ನಮ್ಮ ಕಡೆಯ ಅಡುಗೆಮನೆಗಳಲ್ಲಿ ಒಲೆಯ ಕಟ್ಟೆಗೆ ಕಡಪ ಕಲ್ಲು ಹಾಕಿಸುವ ರೂಢಿ. ಫೆಬ್ರವರಿಯ ಬೆಳಗಿನ ಹೊತ್ತು ಆ ಕಲ್ಲು ಮುಟ್ಟಿದರೆ ಕೊರೆಯುತ್ತದೆ. ಕುದಿಯುವ ನೀರಿನಿಂದ ತೆಗೆದ ಬಾಟಲಿಯನ್ನು ನೇರವಾಗಿ ಅದರ ಮೇಲಿಟ್ಟರೆ ತಳ ಬಳೆಯ ಹಾಗೆ ಕತ್ತರಿಸಿ ಬೀಳುವ ಸಂಭವವಿದೆ. ನಾಲ್ಕು ಮಡಿಕೆಯ ಹಳೆಯ ಪಂಚೆಯನ್ನೋ ಕೌದಿಯ ತುಂಡನ್ನೋ ಹಾಸಿ ಅದರ ಮೇಲಿಡಬೇಕು, ಫ್ಯಾನ್ ಗಾಳಿ ತಾಗದಂತೆ ನೋಡಿಕೊಳ್ಳಬೇಕು. ಹಾಗೆಯೇ ಬಿಸಿ ಟೊಮೆಟೊ ಸುರಿಯುವ ಮೊದಲು ಬಾಟಲಿಯೂ ಬಿಸಿನೀರಿನಲ್ಲಿ ಮುಳುಗಿ ಬೆಚ್ಚಗಾಗಿರಬೇಕು. ಈ ಎಚ್ಚರ ಇಟ್ಟುಕೊಂಡರೆ ಈ ಬಾಟಲಿಗಳು ಬಾಳಿಕೆ ಬರುತ್ತವೆ, ಗಾಜಿನ ವಿಷಯದಲ್ಲಿ ನನ್ನ ದೂರೇನೂ ಇಲ್ಲ.

ಮುಚ್ಚಳದ ಮಾತು ಬೇರೆ, ಅಸಲಿಗೆ ನಾವು ಕೊಳ್ಳುತ್ತಿರುವುದು ಮುಚ್ಚಳವನ್ನೇ. ಬಾಟಲಿಯನ್ನು ಕುದಿಸುವಾಗ ಒಳಗಿನ ಗಾಳಿ ಹಿಗ್ಗಿ ಮುಚ್ಚಳದ ಅಂಚಿನಿಂದ ಹೊರಬೀಳುತ್ತದೆ. ಆರುವಾಗ ಒಳಗಿನ ಆವಿ ನೀರಾಗಿ ಒತ್ತಡ ತಗ್ಗುತ್ತದೆ. ಹೊರಗಿನ ಗಾಳಿಯ ಒತ್ತಡ ಮುಚ್ಚಳವನ್ನು ಕೆಳಕ್ಕೆ ಒತ್ತಿ ಹಿಡಿಯುತ್ತದೆ. ಈ ಹಿಡಿತ ನಿಂತಿರುವುದು ತಗಡಿನ ಒಳಸುತ್ತಿಗೆ ಬಳಿದ, ಬಿಸಿಗೆ ಮೆತ್ತಗಾಗಿ ಗಾಜಿನ ಅಂಚಿಗೆ ಕಚ್ಚಿಕೊಳ್ಳುವ ರಬ್ಬರಿನಂಥ ಪಟ್ಟಿಯ ಮೇಲೆ. ಒಂದು ಸಲ ಕುದಿಸಿದ ಮುಚ್ಚಳವನ್ನು ತಿರುಗಿಸಿ ನೋಡಿದರೆ ಆ ಪಟ್ಟಿಯ ಮೇಲೆ ಬಾಟಲಿಯ ಬಾಯಿ ಕೊರೆದ ಆಳವಾದ ವರ್ತುಲ ಕಾಣುತ್ತದೆ. ಮುಂದಿನ ವರ್ಷ ಅದೇ ಮುಚ್ಚಳ ಹಾಕಿದರೆ ಹಳೆಯ ವರ್ತುಲದಲ್ಲೇ ಕೂರುತ್ತದೆಂಬ ಭರವಸೆ ಇಲ್ಲ, ಒಂದು ಕೂದಲೆಳೆಯಷ್ಟು ಸಂದಿ ಉಳಿದರೂ ತಿಂಗಳೊಪ್ಪತ್ತಿನಲ್ಲಿ ಗಾಳಿ ಒಳಗೆ ಸೇರುತ್ತದೆ. ಬಾಟಲಿ ಹತ್ತು ವರ್ಷ ಬಂದರೂ ಮುಚ್ಚಳ ಪ್ರತಿ ವರ್ಷ ಹೊಸದಾಗಬೇಕು. ಪೆಟ್ಟಿಗೆಯ ಮೇಲೆ ಮಾತ್ರ ‘ಮತ್ತೆ ಮತ್ತೆ ಬಳಸಬಹುದು’ ಎಂದಷ್ಟೇ ಬರೆದಿದ್ದಾರೆ. ಆ ಮಾತು ಗಾಜಿಗೆ ಸಲ್ಲುತ್ತದೆ, ಮುಚ್ಚಳಕ್ಕೆ ಸಲ್ಲುವುದಿಲ್ಲ ಎಂಬುದನ್ನು ಅವರೇ ಹೇಳಬೇಕಿತ್ತು.

ಇಲ್ಲಿಯೇ ದೊಡ್ಡ ತೊಡಕೂ ಇದೆ. ಬಿಡಿ ಮುಚ್ಚಳಗಳು ನಮ್ಮೂರಿನಲ್ಲಿ ಸುಲಭವಾಗಿ ಸಿಗುವುದಿಲ್ಲ. ಪಾತ್ರೆ ಅಂಗಡಿಯಲ್ಲಿ ಕೇಳಿದರೆ, ‘ಮುಚ್ಚಳ ಒಂದೇ ಬರಲ್ಲ ಅಕ್ಕಾ, ಬಾಟ್ಲಿ ಜತಿಗೇ ತಗಬೇಕು’ ಎಂಬ ಉತ್ತರ ಬರುತ್ತದೆ. ಆನ್‌ಲೈನ್‌ನಲ್ಲಿ ನೂರರ ಕಟ್ಟಿನಲ್ಲಿ ಸಿಗುತ್ತವೆ, ಆದರೆ ಮಾರುವವರಲ್ಲಿ ಕೆಲವರು ಬಾಯಿಯ ಅಳತೆಯನ್ನಷ್ಟೇ ಹಾಕಿ, ಕುದಿಸಲು ತಕ್ಕ ಪಟ್ಟಿ ಇದೆಯೋ ಬರೀ ಒಣ ಸಾಮಾನಿಗೆ ಮುಚ್ಚುವಂಥದ್ದೋ ಎಂಬುದನ್ನು ತಿಳಿಸುವುದಿಲ್ಲ. ಒಮ್ಮೆ ಹೀಗೆ ತರಿಸಿದ ಕಟ್ಟಿನ ಮುಚ್ಚಳಗಳು ನೋಡಲು ಥಳಥಳ ಹೊಳೆಯುತ್ತಿದ್ದರೂ ಒಳಪಟ್ಟಿ ಕಾಗದದಷ್ಟು ತೆಳುವಾಗಿತ್ತು. ಕುದಿಸಿದ ಮೇಲೆ ಹಲವು ಕಚ್ಚಲೇ ಇಲ್ಲ, ವಾಪಸು ತೆಗೆದುಕೊಳ್ಳಲು ಮಾರಾಟಗಾರ ಒಪ್ಪಲೂ ಇಲ್ಲ. ಕೊಳ್ಳುವ ಮುನ್ನ ಬಿಸಿ ತುಂಬುವಿಕೆಗೂ ಕುದಿಸುವುದಕ್ಕೂ ಆಗುತ್ತದೆಯೇ ಎಂದು ಬರೆದು ಕೇಳಿ ಉತ್ತರ ಪಡೆಯುವುದು ಒಳ್ಳೆಯದು. ನಡುವೆ ಸಣ್ಣ ಗುಂಡಿಯಂತೆ ಉಬ್ಬಿರುವ ಮುಚ್ಚಳವನ್ನೇ ಆರಿಸಿಕೊಳ್ಳಬೇಕು, ನಿರ್ವಾತ ಹಿಡಿದಾಗ ಆ ಉಬ್ಬು ಒಳಕ್ಕೆ ಇಳಿದು ನಿಲ್ಲುತ್ತದೆ, ಬೆರಳಿನಿಂದ ಒತ್ತಿದರೆ ಅಲುಗುವುದಿಲ್ಲ.

ಎರಡು ತುಂಡಿನ ಮುಚ್ಚಳವಿರುವ ಅಮೆರಿಕದ ಮಾದರಿಯ ಮೇಸನ್ ಜಾರ್‌ಗಳೂ ಇಲ್ಲಿಗೆ ಬರುತ್ತಿವೆ. ಜಾನ್ ಲ್ಯಾಂಡಿಸ್ ಮೇಸನ್ ಎಂಬವರು 1858ರಲ್ಲಿ ಗಾಜಿನ ಬಾಯಿಗೇ ತಿರುಪಿನ ಸುತ್ತು ಅಚ್ಚು ಮಾಡಿ ಪೇಟೆಂಟ್ ಪಡೆದ ಮಾದರಿ ಅದು. ಮೇಲಿನ ಬಳೆಯನ್ನು ಉಳಿಸಿಕೊಂಡು ಒಳಗಿನ ಚಪ್ಪಟೆ ಬಿಲ್ಲೆಯನ್ನು ಮಾತ್ರ ಪ್ರತಿ ಸಲ ಬದಲಿಸಬೇಕು. ಮನೆಯಲ್ಲಿ ಕುದಿಸುವ ಕೆಲಸಕ್ಕೆಂದೇ ಮಾಡಿದ್ದರಿಂದ ಹಿಡಿತದ ವಿಷಯದಲ್ಲಿ ಅದೇ ಮೇಲು. ಆದರೆ ಆಮದಾದ ಒಂದು ಜಾರ್‌ನ ಬೆಲೆಗೆ ಇಲ್ಲಿಯ ನಾಲ್ಕೈದು ಬಾಟಲಿ ಬರುತ್ತವೆ, ಬಿಲ್ಲೆಗಳೂ ದುಬಾರಿ. ನೆಂಟರು ಅಮೆರಿಕದಿಂದ ಬರುವಾಗ ಚಾಕೊಲೇಟಿನ ಬದಲು ಬಿಲ್ಲೆ ತರಿಸಿಕೊಳ್ಳುವ ಅನುಕೂಲವಿದ್ದವರಿಗೆ ಅದು ಸರಿ. ಕಡಿಮೆ ಬೆಲೆಗೆ ಸಿಗುವ ‘ಮೇಸನ್’ ಹೆಸರಿನ ಜಾರ್‌ಗಳಲ್ಲಿ ಬಹುಪಾಲು ಹಿಡಿಕೆ ಹಾಕಿ ಶರಬತ್ತು ಕುಡಿಯಲು ಮಾಡಿದಂಥವು, ಅವನ್ನು ಕುದಿಯುವ ನೀರಿಗಿಳಿಸಬೇಡಿ.

ಇನ್ನು ಸೂಚನಾ ಹಾಳೆ. ಅದರಲ್ಲಿ ಟೊಮೆಟೊ ತುಂಬಿ ‘20 ನಿಮಿಷ ಕುದಿಸಿ, ರುಚಿಗೆ ಬೇಕಾದರೆ ನಿಂಬೆರಸ ಸೇರಿಸಿ, ತಂಪಾದ ಜಾಗದಲ್ಲಿಡಿ’ ಎಂದಿದೆ. ಮೂರು ಮಾತೂ ತಪ್ಪು ದಾರಿ ಹಿಡಿಸುತ್ತವೆ.

ನಿಂಬೆಯ ಹುಳಿ ರುಚಿಯ ಪ್ರಶ್ನೆಯೇ ಅಲ್ಲ. ಗಾಳಿಯಿಲ್ಲದ ಕಡೆ ಬೆಳೆದು ಪ್ರಾಣಕ್ಕೇ ಕುತ್ತು ತರುವ ವಿಷವನ್ನು ಉಂಟುಮಾಡುವ ಬೊಟುಲಿನಮ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು, ಅಂದರೆ ಗಟ್ಟಿ ಕವಚ ಹೊದ್ದು ಬೀಜದಂತೆ ಸುಮ್ಮನಿರುವ ಅದರ ರೂಪಗಳು, ಸಾಮಾನ್ಯ ಕುದಿನೀರಿಗೆ ಸಾಯುವುದಿಲ್ಲ. ಹುಳಿ ಸಾಕಷ್ಟಿದ್ದರೆ, ಅಂದರೆ ಹುಳಿ ಹೆಚ್ಚಿದಷ್ಟೂ ಇಳಿಯುವ ಪಿಎಚ್ ಎಂಬ ಅಳತೆ 4.6ಕ್ಕಿಂತ ಕೆಳಗಿದ್ದರೆ, ಅವು ಬೆಳೆಯಲಾರವು. ಟೊಮೆಟೊ ಈ ಗಡಿಯ ಮೇಲೆಯೇ ನಿಂತಿರುವ ಹಣ್ಣು. ತಳಿ, ಹಣ್ಣಿನ ಪಕ್ವತೆ, ಗಿಡದ ಆರೋಗ್ಯ ಇವುಗಳ ಮೇಲೆ ಅದರ ಪಿಎಚ್ 4.6ರ ಆಚೆಗೂ ಈಚೆಗೂ ಹೋಗುತ್ತದೆ. ಜವಾರಿ ಹಣ್ಣು ಬಾಯಿಗೆ ಹುಳಿಯಾಗಿದೆಯಲ್ಲ ಎಂದು ಬಿಟ್ಟುಬಿಡುವವರಿದ್ದಾರೆ. ನಾಲಿಗೆ ಪಿಎಚ್ ಅಳೆಯುವುದಿಲ್ಲ, ಮೇಲಾಗಿ ಸಿಹಿ ಹೆಚ್ಚಿದ್ದರೆ ಹುಳಿ ಮರೆಯಾಗಿರುತ್ತದೆ, ಕಡಿಮೆಯಿದ್ದರೆ ಎದ್ದು ಕಾಣುತ್ತದೆ. ಅರ್ಧ ಲೀಟರಿನ ಪ್ರತಿ ಬಾಟಲಿಗೂ ಕಾಲು ಟೀ ಚಮಚ ಸಿಟ್ರಿಕ್ ಆಮ್ಲ ಹಾಕಲೇಬೇಕು; ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಕೇಳಿದರೆ ಕೊಡುತ್ತಾರೆ. ಹಿಂಡಿದ ನಿಂಬೆಯ ರಸ ಒಂದೊಂದು ಹಣ್ಣಿನಲ್ಲಿ ಒಂದೊಂದು ಥರ ಇರುವುದರಿಂದ ಅದನ್ನು ಈ ಕೆಲಸಕ್ಕೆ ನಂಬುವುದು ಬೇಡ. ತೆರೆದ ಮೇಲೆ ಹುಳಿ ಹೆಚ್ಚೆನಿಸಿದರೆ ಸಾರಿಗೆ ಹುಣಸೆಹಣ್ಣು ಕಡಿಮೆ ಮಾಡಿಕೊಂಡರಾಯಿತು, ಒಂದು ಚೂರು ಬೆಲ್ಲ ಹಾಕಿದರಾಯಿತು. ಪಲ್ಯಕ್ಕೆ ಅನುಕೂಲವೆಂದು ಈರುಳ್ಳಿ ಬೆಳ್ಳುಳ್ಳಿ ಹಸಿಮೆಣಸಿನಕಾಯಿ ಹುರಿದು ಜೊತೆಗೇ ತುಂಬುವುದಂತೂ ಕೂಡದು. ಅವು ಹುಳಿಯನ್ನು ತಗ್ಗಿಸುತ್ತವೆ, ಎಣ್ಣೆಯೂ ಸೇರಿದರೆ ಅಪಾಯ ಇನ್ನೂ ಹೆಚ್ಚು.

ಕುದಿಸುವ ಹೊತ್ತು ಊರಿನ ಎತ್ತರವನ್ನು ಅವಲಂಬಿಸಿದೆ. ಅಮೆರಿಕದ ಕೃಷಿ ಇಲಾಖೆಯ ಪ್ರಸಿದ್ಧ ಮಾರ್ಗಸೂಚಿಯ ಪ್ರಕಾರ ಬಿಸಿಯಾಗಿಯೇ ತುಂಬಿದ ಜಜ್ಜಿದ ಟೊಮೆಟೊಗೆ, ಅರ್ಧ ಲೀಟರಿನ ಬಾಟಲಿಯಾದರೆ, ಸಮುದ್ರಮಟ್ಟದಿಂದ ಸುಮಾರು 300 ಮೀಟರ್ ಎತ್ತರದವರೆಗೆ 35 ನಿಮಿಷ, ಅಲ್ಲಿಂದ ಸುಮಾರು 900 ಮೀಟರ್‌ವರೆಗೆ 40 ನಿಮಿಷ. ರಾಯಚೂರು ಸುಮಾರು 400 ಮೀಟರ್ ಎತ್ತರದಲ್ಲಿದೆ, ಬಳ್ಳಾರಿ 480ರ ಆಸುಪಾಸು, ಕೊಪ್ಪಳ 500ಕ್ಕೂ ಸ್ವಲ್ಪ ಮೇಲೆ. ಈ ಎತ್ತರದಲ್ಲಿ ನೀರು 100 ಡಿಗ್ರಿ ಮುಟ್ಟುವ ಮೊದಲೇ, 98ರ ಸುಮಾರಿಗೆ ಕುದಿಯುವುದರಿಂದ ಮೂರೂ ಊರಿನವರಿಗೆ 40 ನಿಮಿಷವೇ ಲೆಕ್ಕ. ಬೆಂಗಳೂರು 920 ಮೀಟರಿನಷ್ಟು ಎತ್ತರದಲ್ಲಿರುವುದರಿಂದ ಅಲ್ಲಿಯವರಿಗೆ 45 ನಿಮಿಷ ಬೇಕು. ಸಿಪ್ಪೆ ಸುಲಿದ ಇಡೀ ಹಣ್ಣನ್ನು ನೀರು ಬೆರೆಸದೆ ಹಸಿಯಾಗಿಯೇ ತುಂಬುವುದಾದರೆ ನಮ್ಮ ಎತ್ತರಕ್ಕೆ 90 ನಿಮಿಷ ಬೇಕಾಗುತ್ತದೆ. ಬಾಟಲಿಯೊಳಗೆ ಕೆಂಪಗೆ ಚಂದ ಕಾಣುತ್ತದೆ ನಿಜ, ಗ್ಯಾಸ್ ಸಿಲಿಂಡರಿನ ಬೆಲೆ ನೆನೆದರೆ ಆ ಚಂದ ಬೇಡವೆನಿಸುತ್ತದೆ. ಹಾಳೆಯ 20 ನಿಮಿಷ ಇದರಲ್ಲಿ ಯಾವ ಲೆಕ್ಕಕ್ಕೂ ಹೊಂದುವುದಿಲ್ಲ.

ಈ ಬಾಟಲಿಗಳಲ್ಲಿ ತುಂಬಿದ ಮಾಲು ಹೇಗೆ ಕಾಣುತ್ತದೆ ಎಂಬುದು ಒಲೆಯ ಮುಂದಿನ ಮೊದಲ ಹತ್ತು ನಿಮಿಷದಲ್ಲಿ ತೀರ್ಮಾನವಾಗುತ್ತದೆ. ಗಾಜು ಪಾರದರ್ಶಕವಾದ್ದರಿಂದ ಮುಚ್ಚುಮರೆಯೇನಿಲ್ಲ. ಕೆಲವು ಬಾಟಲಿಗಳಲ್ಲಿ ಮೇಲೆ ಕೆಂಪು ತಿರುಳು ತೇಲಿ ಕೆಳಗೆ ಎರಡು ಬೆರಳಿನಷ್ಟು ಹಳದಿ ನೀರು ನಿಂತಿರುತ್ತದೆ, ಕೆಟ್ಟಿದೆಯೆಂದು ಹಲವರು ಎಸೆಯುತ್ತಾರೆ. ಅದು ಕೆಡುಕಲ್ಲ. ಹಣ್ಣನ್ನು ಹೆಚ್ಚಿದ ಕೂಡಲೇ ಅದರೊಳಗಿನ ಕಿಣ್ವ ಪೆಕ್ಟಿನ್ ಅನ್ನು ಒಡೆಯತೊಡಗುತ್ತದೆ, ಪೆಕ್ಟಿನ್ ಒಡೆದರೆ ತಿರುಳು ನೀರನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಇಡೀ ಕ್ರೇಟ್ ಹೆಚ್ಚಿ ರಾಶಿ ಹಾಕಿಕೊಂಡು ಆಮೇಲೆ ಒಲೆಗೇರಿಸುವ ಬದಲು, ಸಿಪ್ಪೆ ತೆಗೆದ ಹಣ್ಣನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿ ಆಗಲೇ ಕೊತಕೊತ ಕುದಿಯುತ್ತಿರುವ ಪಾತ್ರೆಗೆ ಹಾಕಿ ಜಜ್ಜುತ್ತ ಹೋದರೆ ಕಿಣ್ವ ತಕ್ಷಣ ನಾಶವಾಗಿ ರಸ ಗಟ್ಟಿಯಾಗಿ ಉಳಿಯುತ್ತದೆ. ಮಿಕ್ಸಿಗೆ ಹಾಕಬಾರದು: ಬೀಜ ಒಡೆದು ಕಹಿ ಬಿಡುತ್ತದೆ, ನೊರೆಯ ರೂಪದಲ್ಲಿ ಗಾಳಿಯೂ ಸೇರುತ್ತದೆ. ಪಾತ್ರೆ ಸ್ಟೀಲಿನದಿರಲಿ, ಹುಳಿ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ.

ತುಂಬುವಾಗ ಬಾಯಿಯಿಂದ ಅರ್ಧ ಇಂಚು ಖಾಲಿ ಬಿಟ್ಟು, ಬಿದಿರಿನ ಕಡ್ಡಿಯಿಂದ ಒಳಗಿನ ಗಾಳಿಗುಳ್ಳೆ ತೆಗೆದು, ಅಂಚನ್ನು ಬಿಸಿನೀರಿನ ಬಟ್ಟೆಯಿಂದ ಒರೆಸಿ ಮುಚ್ಚಬೇಕು. ಒಂದು ಬೀಜ ಅಂಚಿನಲ್ಲಿ ಉಳಿದರೂ ಮುಚ್ಚಳ ಕಚ್ಚುವುದಿಲ್ಲ. ಬಿಗಿ ಬೆರಳತುದಿಯ ಶಕ್ತಿಯಷ್ಟಿದ್ದರೆ ಸಾಕು. ಮನೆಯ ಗಂಡಸರನ್ನು ಕರೆದು ಬಲವಾಗಿ ತಿರುವಿಸಿದರೆ ಗಾಳಿ ಹೊರಬೀಳಲು ದಾರಿಯಿಲ್ಲದೆ ತಗಡು ಡೊಂಕಾಗುತ್ತದೆ. ತಳಕ್ಕೆ ಜಾಲರಿ ಇಟ್ಟ ದೊಡ್ಡ ಬೋಗಣಿಯಲ್ಲಿ ಮುಚ್ಚಳದ ಮೇಲೆ ಒಂದು ಇಂಚು ನೀರು ನಿಲ್ಲುವಂತೆ ಮುಳುಗಿಸಿ ಕುದಿಸುವುದು ಕ್ರಮ, ಹೊತ್ತನ್ನು ಎಣಿಸಬೇಕಾದದ್ದು ನೀರು ಮರಳಿ ಕುದಿ ಬಂದ ಮೇಲಿನಿಂದ. 25 ಕಿಲೋದ ಒಂದು ಕ್ರೇಟ್‌ಗೆ ಮೂವತ್ತೈದರಿಂದ ನಲವತ್ತು ಬಾಟಲಿ ಬೇಕಾಗುತ್ತದೆ. ಹಿತ್ತಲಲ್ಲಿ ಸೌದೆ ಒಲೆ ಹೂಡಿದರೆ ದೊಡ್ಡ ಬೋಗಣಿಯೂ ಹಿಡಿಯುತ್ತದೆ, ಒಳಮನೆ ಕಾಯುವುದೂ ತಪ್ಪುತ್ತದೆ. ಬೋರ್‌ವೆಲ್ ನೀರಾದರೆ ಬಾಟಲಿಯ ಹೊರಮೈಗೆ ಸುಣ್ಣದ ಪೊರೆ ಹಿಡಿಯುತ್ತದೆ, ಮುಚ್ಚಳದ ಅಂಚೂ ಬೇಗ ತುಕ್ಕು ಹಿಡಿಯುತ್ತದೆ; ಬೋಗಣಿಯ ನೀರಿಗೆ ಒಂದೆರಡು ಚಮಚ ವಿನಿಗರ್ ಹಾಕಿದರೆ ಪೊರೆ ಕಟ್ಟುವುದಿಲ್ಲ, ಬಾಟಲಿ ಆರಿದ ಮೇಲೆ ಮುಚ್ಚಳವನ್ನು ಚೆನ್ನಾಗಿ ಒರೆಸಿಟ್ಟರೆ ತುಕ್ಕೂ ತಡೆಯುತ್ತದೆ. ನಳದ ನೀರು ಬಿಡುವ ದಿನ ನೋಡಿಕೊಂಡು ಈ ಕೆಲಸ ಇಟ್ಟುಕೊಳ್ಳುವುದು ಇನ್ನೂ ವಾಸಿ. ಒಂದು ದಿನ ಕಳೆದರೂ ಉಬ್ಬು ಇಳಿಯದ ಬಾಟಲಿಯನ್ನು ಫ್ರಿಜ್ಜಿಗೆ ಸೇರಿಸಿ ಆ ವಾರವೇ ಮುಗಿಸಬೇಕು.

‘ತಂಪಾದ ಜಾಗದಲ್ಲಿಡಿ’ ಎಂಬ ಮೂರನೆಯ ಸೂಚನೆ ಓದಿ ಬಳ್ಳಾರಿಯವರು ನಗಬೇಕೋ ಅಳಬೇಕೋ ತಿಳಿಯದು. ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟುವ ಊರಿನಲ್ಲಿ ಆರ್‌ಸಿಸಿ ಮಾಳಿಗೆಯ ಕೆಳಗಿನ ಕೋಣೆ ರಾತ್ರಿ ಹತ್ತಕ್ಕೂ ಆರಿರುವುದಿಲ್ಲ. ಬಾಟಲಿಗಳನ್ನು 35 ಡಿಗ್ರಿಗಿಂತ ಹೆಚ್ಚಿನ ಬಿಸಿಯಲ್ಲಿ ಬಹುಕಾಲ ಇಡಬಾರದೆಂದು ಬಲ್ಲವರು ಹೇಳುವುದಕ್ಕೆ ಖಚಿತವಾದ ಕಾರಣವಿದೆ. ಬ್ಯಾಸಿಲಸ್ ಕೊಯಾಗುಲನ್ಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳಲ್ಲಿ ಕೆಲವು 40 ನಿಮಿಷದ ಕುದಿಯನ್ನೂ ತಡೆದುಕೊಂಡು ಉಳಿಯಬಲ್ಲವು. ಹುಳಿಯಲ್ಲೂ ಬೆಳೆಯಬಲ್ಲ ಅವಕ್ಕೆ ಸೆಕೆಯೆಂದರೆ ಹಬ್ಬ. ಅವು ಅನಿಲ ಬಿಡುವುದಿಲ್ಲವಾದ್ದರಿಂದ ಮುಚ್ಚಳ ಉಬ್ಬುವುದಿಲ್ಲ, ನಡುವಿನ ಗುಂಡಿ ಕೆಳಗಿಳಿದೇ ಇರುತ್ತದೆ, ತೆರೆದಾಗ ಮಾತ್ರ ಔಷಧಿಯಂಥ ವಾಸನೆಯೂ ಮೊನಚಾದ ಹುಳಿಯೂ ಮೂಗಿಗೆ ಬಡಿಯುತ್ತವೆ. ಗುಂಡಿ ಇಳಿದಿದ್ದರೆ ಸಾಕು, ಮಾಲು ಸುರಕ್ಷಿತ ಎಂದು ಹಾಳೆಯಲ್ಲಿ ಹೇಳಿರುವುದು ತಂಪು ದೇಶಕ್ಕೆ ಒಪ್ಪಬಹುದೇನೋ, ಇಲ್ಲಿ ಅದು ಅರ್ಧ ಸತ್ಯ. ತೆರೆದ ಪ್ರತಿ ಬಾಟಲಿಯನ್ನೂ ಮೂಸಿ ನೋಡಬೇಕು, ಅನುಮಾನ ಬಂದರೆ ನಾಲಿಗೆಗೆ ತಾಗಿಸದೆ, ದನಕ್ಕೂ ಹಾಕದೆ ಚೆಲ್ಲಬೇಕು.

ನಮ್ಮ ಮನೆಯಲ್ಲಿ ಹಳೆಯ ಭಾಗಕ್ಕೆ ಇನ್ನೂ ಮಣ್ಣಿನ ಮಾಳಿಗೆಯೇ ಇದೆ. ಅದರ ಒಳಕೋಣೆಯ ಗೋಡೆ ಒಂದು ಮೊಳಕ್ಕೂ ಹೆಚ್ಚು ದಪ್ಪ, ಬಿಸಿಲಿಗೆ ಕಿಟಕಿಯಿಲ್ಲ. ಅಲ್ಲಿ ನೆಲಕ್ಕೆ ತಾಗಿದ ಕೆಳಗಿನ ಹಲಗೆಯ ಮೇಲಿಟ್ಟ ಬಾಟಲಿಗಳು ಶ್ರಾವಣದವರೆಗೂ ಬಣ್ಣಗೆಡದೆ ಬಂದಿವೆ. ಮೇಲಂತಸ್ತಿನ ಅಟ್ಟದಲ್ಲಿಟ್ಟ ಬಾಟಲಿಗಳ ರಸ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು, ರುಚಿಯೂ ಮಂಕಾಗಿತ್ತು. ಅಪಾರ್ಟ್‌ಮೆಂಟಿನ ಮೇಲಿನ ಮಹಡಿಯಲ್ಲಿ ಇರುವವರು ಹಾಗಾಗಿ ಇಡೀ ವರ್ಷದ ಮಾಲು ತುಂಬುವ ಆಸೆ ಬಿಟ್ಟು, ಫ್ರಿಜ್ಜಿನ ಕೆಳಗಿನ ಅಂಕಣದಲ್ಲಿ ಹಿಡಿಯುವಷ್ಟು ತುಂಬಿಕೊಳ್ಳುವುದು ಲೇಸು. ಒದ್ದೆ ಗೋಣಿ ಹೊದಿಸಿ ತಂಪು ಮಾಡುವ ಉಪಾಯ ಕುಡಿಯುವ ನೀರಿನ ಕೊಡಕ್ಕೆ ಚೆನ್ನ, ಇಲ್ಲಿ ತಗಡಿನ ಮುಚ್ಚಳ ತುಕ್ಕು ಹಿಡಿದು ತೂತು ಬೀಳುತ್ತದೆ.

ಬೆಲೆಯ ವಿಷಯ. ಹನ್ನೆರಡರ ಪೆಟ್ಟಿಗೆಯಲ್ಲಿ ಕೊಂಡರೆ ಬಾಟಲಿಯೊಂದಕ್ಕೆ ಮುಚ್ಚಳ ಸೇರಿ 50 ರೂಪಾಯಿಯ ಆಚೀಚೆ ಬಿದ್ದಿತು, ಬಿಡಿಯಾಗಿ ಕೊಂಡರೆ ಇನ್ನೂ ಹೆಚ್ಚು. ಅರ್ಧ ಲೀಟರಿಗೆ 600ರಿಂದ 700 ಗ್ರಾಂ ಹಣ್ಣು ಹಿಡಿಯುವುದರಿಂದ, ಹಣ್ಣು ಅಗ್ಗವಾದ ಕಾಲದಲ್ಲಿ ತುಂಬಿದರೂ ಮೊದಲ ವರ್ಷ ಲಾಭವೇನೂ ಉಳಿಯುವುದಿಲ್ಲ, ಬಾಟಲಿಯ ಅಸಲೇ ದೊಡ್ಡದು. ಎರಡನೆಯ ವರ್ಷದಿಂದ ಮುಚ್ಚಳ, ನಿಂಬೆ ಉಪ್ಪು, ಉರುವಲು ಇಷ್ಟೇ ಖರ್ಚು. ಜುಲೈನ ಬೆಲೆ 40 ರೂಪಾಯಿಯೊಳಗೇ ನಿಂತ ವರ್ಷ ಕೈ ನೋವಷ್ಟೇ ಮಿಗುತ್ತದೆ ಎಂದು ನಮ್ಮ ಯಜಮಾನರು ಚುಚ್ಚುವುದುಂಟು, ಲೆಕ್ಕದ ಪ್ರಕಾರ ಆ ಮಾತು ಸುಳ್ಳಲ್ಲ. ಆದರೂ ಸಂಜೆ ಏಳಕ್ಕೆ ನೆಂಟರು ಬಂದರೆಂದಾಗ ಬಾಟಲಿ ತೆರೆದು ಬೇಳೆಗೆ ಸುರಿದರೆ ಕಾಲು ಗಂಟೆಯಲ್ಲಿ ಪಪ್ಪು ಸಿದ್ಧವಾಗುವ ಅನುಕೂಲಕ್ಕೆ ಅವರೂ ಬೆಲೆ ಕಟ್ಟಿಲ್ಲ.

ಕೊಳ್ಳುವವರಿಗೆ ಗಾತ್ರದ ಕುರಿತು ಒಂದು ಮಾತು. ಇದೇ ಬಾಟಲಿ ಒಂದು ಲೀಟರಿನ ಅಳತೆಯಲ್ಲೂ ಸಿಗುತ್ತದೆ, ಲೀಟರಿನ ಲೆಕ್ಕದಲ್ಲಿ ಅಗ್ಗವೂ ಹೌದು. ಆದರೆ ಅದಕ್ಕೆ ನಿಂಬೆ ಉಪ್ಪು ಅರ್ಧ ಟೀ ಚಮಚ ಬೇಕು, ಕುದಿಸುವ ಹೊತ್ತು ನಮ್ಮ ಎತ್ತರಕ್ಕೆ 50 ನಿಮಿಷವಾಗುತ್ತದೆ, ಮನೆಯ ಸಾಮಾನ್ಯ ಬೋಗಣಿಯಲ್ಲಿ ನಿಲ್ಲಿಸಿದರೆ ಮುಚ್ಚಳದ ಮೇಲೆ ನೀರು ನಿಲ್ಲುವಷ್ಟು ಆಳ ಸಿಗುವುದಿಲ್ಲ. ಒಮ್ಮೆ ತೆರೆದ ಮೇಲೆ ಫ್ರಿಜ್ಜಿನಲ್ಲಿಟ್ಟರೂ ನಾಲ್ಕೈದು ದಿನದಲ್ಲಿ ಮುಗಿಸಬೇಕಾಗುವುದರಿಂದ ಐದಾರು ಮಂದಿಯಿರುವ ಮನೆಗೂ ಅರ್ಧ ಲೀಟರಿನದೇ ಸರಿಯಾದ ಅಳತೆ. ಪೆಟ್ಟಿಗೆಯನ್ನು ನವೆಂಬರ್ ಡಿಸೆಂಬರ್‌ನಲ್ಲೇ ತರಿಸಿಕೊಂಡು ಅಂಚುಗಳನ್ನು ಪರೀಕ್ಷಿಸಿ, ಬೇಕಾದಷ್ಟು ಮುಚ್ಚಳಗಳಿಗಿಂತ ಕಾಲು ಭಾಗ ಹೆಚ್ಚಿಗೆ ಇಟ್ಟುಕೊಂಡಿರಿ. ಫೆಬ್ರವರಿಯಲ್ಲಿ ಹಣ್ಣಿನ ಕ್ರೇಟ್ ಮನೆಗೆ ಬಂದು ಕೂತ ಮೇಲೆ ಮುಚ್ಚಳದ ಪಾರ್ಸೆಲ್ ಬರುವವರೆಗೆ ಅದು ಕಾಯುವುದಿಲ್ಲ.